ಮನೆಬಾಗಿಲಿಗೆ ಹೋಗುವ ವೈದ್ಯ ವಿದ್ಯಾರ್ಥಿಗೆ

ಎಂಬಿಬಿಎಸ್ ಸೇರಿದ ಮೊದಲ ವರ್ಷವೇ ನಿಮ್ಮನ್ನು ಕಾಲೇಜಿನ ಬಸ್ಸಿನಲ್ಲಿ ಕೂಡಿಸಿ ಒಂದು ಹಳ್ಳಿಗೆ ಕರೆದೊಯ್ಯುತ್ತಾರೆ. ಅಷ್ಟು ಹೊತ್ತಿಗೆ ನಿಮಗೆ ಮೂಳೆಗಳ ಹೆಸರು ಬರುತ್ತವೆ, ಹೃದಯದ ಕವಾಟಗಳು ಯಾವಾಗ ಮುಚ್ಚುತ್ತವೆ ಎಂದು ಗೊತ್ತು. ರೋಗಗಳ ಪಾಠ ಇನ್ನೂ ಶುರುವಾಗಿಲ್ಲ, ಔಷಧಗಳ ಪಾಠ ಇನ್ನೂ ದೂರ. ಆದರೂ ಕೈಗೊಂದು ಲಾಗ್‌ಬುಕ್ ಕೊಟ್ಟು, ಈ ಮನೆಗಳು ಇನ್ನು ನಿಮ್ಮವು ಎನ್ನುತ್ತಾರೆ. ಏನೂ ತಿಳಿಯದ ನಾವು ಅಲ್ಲಿ ಹೋಗಿ ಮಾಡುವುದಾದರೂ ಏನು ಎಂದು ಪ್ರತಿ ವರ್ಷ ಹೊಸ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಅದಕ್ಕೆ ಸಾವಕಾಶವಾಗಿ ಉತ್ತರ ಹೇಳುತ್ತೇನೆ.

ಮೊದಲು ನಿಯಮ ತಿಳಿದುಕೊಳ್ಳಿ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ‘ಕುಟುಂಬ ದತ್ತು ಕಾರ್ಯಕ್ರಮ’ವನ್ನು ಎಂಬಿಬಿಎಸ್ ಪಠ್ಯದೊಳಗೆ ತಂದಿತು. ಒಬ್ಬೊಬ್ಬ ವಿದ್ಯಾರ್ಥಿಯೂ ಕನಿಷ್ಠ ಮೂರು, ಸಾಧ್ಯವಿದ್ದರೆ ಐದು ಕುಟುಂಬಗಳನ್ನು ವಹಿಸಿಕೊಳ್ಳಬೇಕು. ಮೊದಲ ವರ್ಷ 27 ಗಂಟೆ, ಎರಡನೆಯದರಲ್ಲಿ 30, ಮೂರನೆಯದರಲ್ಲಿ 21, ಹೀಗೆ ಒಟ್ಟು 78 ಗಂಟೆಗಳನ್ನು ಅದಕ್ಕೆಂದೇ ತೆಗೆದಿಟ್ಟಿದ್ದಾರೆ. ಆ ಮೇಲೆ ಇಂಟರ್ನ್‌ಶಿಪ್ ವರ್ಷದಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಪೋಸ್ಟಿಂಗ್ ಇದೆ.

ಈ ಆಲೋಚನೆ ಹೊಸದೇನಲ್ಲ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಸಮಿತಿ ವರದಿ ಕೊಟ್ಟಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದ್ದು ಆ ವರದಿಯಿಂದ. ರೋಗ ತಡೆಯುವ ವಿದ್ಯೆಯಲ್ಲಿ ಮೂರು ತಿಂಗಳು ತರಬೇತಿ ಪಡೆದ ‘ಸಾಮಾಜಿಕ ವೈದ್ಯ’ ಈ ದೇಶಕ್ಕೆ ಬೇಕು ಎಂದು ಬರೆದದ್ದೂ ಅದೇ ಸಮಿತಿ. ಸರಿಸುಮಾರು ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಫೊಲೆಲಾ ಎಂಬ ಬಡ ಪ್ರದೇಶದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ ಮನೆಮನೆಯ ಲೆಕ್ಕ ಇಟ್ಟು ಆರೋಗ್ಯ ಕೇಂದ್ರ ನಡೆಸಿ ತೋರಿಸಿದ್ದರು. 1969ರಲ್ಲಿ ಶುರುವಾದ ಸೇವಾಗ್ರಾಮದ ವೈದ್ಯಕೀಯ ಕಾಲೇಜಿನಲ್ಲಿ ಒಂದೊಂದು ಬ್ಯಾಚೂ ಒಂದೊಂದು ಹಳ್ಳಿಯನ್ನು ದತ್ತು ತೆಗೆದುಕೊಳ್ಳುತ್ತದೆ. ನಮ್ಮಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜು 1973ರಲ್ಲಿ ಮಳ್ಳೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಸಹಕಾರಿಯೊಂದನ್ನು ಕಟ್ಟಿತು. ಡೇರಿಗೆ ಹಾಲು ಹಾಕುವ ರೈತರೇ ಊರಿನ ಆರೋಗ್ಯಸೇವೆಯ ಖರ್ಚಿಗೂ ಹೆಗಲು ಕೊಟ್ಟರು. ಎಂಥ ಧೈರ್ಯದ ಕೆಲಸ ಅದು! 1977ರಲ್ಲಿ ಕೇಂದ್ರ ಸರ್ಕಾರವೂ ಒಂದು ಯೋಜನೆ ತಂದು, ಪ್ರತಿ ವೈದ್ಯಕೀಯ ಕಾಲೇಜಿಗೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಿಸಿತು. ಅದು ಎಷ್ಟೋ ಕಡೆ ಶಿಬಿರವಾಗಿ ಮುಗಿದುಹೋಯಿತು. ವ್ಯಾನು ಬಂತು, ಮಾತ್ರೆ ಹಂಚಿತು, ಹೋಯಿತು. ನನ್ನ ಮಟ್ಟಿಗೆ ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ಒಂದು ಸಲ ಹೋಗಿ ನೂರು ಮನೆ ನೋಡಿ ಬರುವುದಕ್ಕಿಂತ ಮೂರೇ ಮನೆಗಳಿಗೆ ಮೂರು ವರ್ಷ ಮತ್ತೆ ಮತ್ತೆ ಹೋಗುವುದರಲ್ಲಿ ವೈದ್ಯ ತಯಾರಾಗುತ್ತಾನೆ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು (ಜೆಎನ್‌ಎಂಸಿ) ಕೆಎಲ್‌ಇ ಸಂಸ್ಥೆ 1963ರಲ್ಲಿ ತೆರೆಯಿತು. ಅದರ ವಿದ್ಯಾರ್ಥಿಗಳಿಗೆ ಕಿಣಯೆ, ಹಂದಿಗನೂರು, ವಂಟಮುರಿಯ ಆರೋಗ್ಯ ಕೇಂದ್ರಗಳು ಹಳೆಯ ಪರಿಚಯದವು. ಸರ್ಕಾರಿ ಕಾಲೇಜು ‘ಬಿಮ್ಸ್’ ಬಂದದ್ದು ಈ ಶತಮಾನದಲ್ಲಿ. ಇತ್ತ ಧಾರವಾಡ, ಹುಬ್ಬಳ್ಳಿಗಳಲ್ಲೂ ವೈದ್ಯಕೀಯ ಕಾಲೇಜುಗಳಿವೆ. ನಾನು ಹೇಳುತ್ತಿರುವ ನಾಲ್ಕು ತಾಲ್ಲೂಕುಗಳು ಈ ದೊಡ್ಡಾಸ್ಪತ್ರೆಗಳ ನಡುವಿನ ಬಯಲು. ಸವದತ್ತಿಯವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಧಾರವಾಡವೇ ಹತ್ತಿರ. ರಾಮದುರ್ಗದವರಿಗೆ ಯಾವ ದೊಡ್ಡಾಸ್ಪತ್ರೆಯೂ ಹತ್ತಿರವಿಲ್ಲ. ಕಿತ್ತೂರು ಮೊದಲು ಬೈಲಹೊಂಗಲ ತಾಲ್ಲೂಕಿನೊಳಗಿತ್ತು, ಈಗ ಬೇರೆ ತಾಲ್ಲೂಕು. ಹಾಗಾಗಿ ಹಳೆಯ ರಿಜಿಸ್ಟರಿನ ಅಂಕಿಯನ್ನೂ ಹೊಸದನ್ನೂ ಹೋಲಿಸುವಾಗ ಎಚ್ಚರವಿರಲಿ. ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಗಾಳಿ ಬೀಸುತ್ತದೆ, ಭತ್ತ ಬೆಳೆಯುತ್ತಾರೆ. ಬೈಲಹೊಂಗಲದ್ದು ಎರೆಭೂಮಿ, ಹತ್ತಿ, ಜೋಳ, ನೀರಿದ್ದಲ್ಲಿ ಕಬ್ಬು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು. ಅದರ ಕೆಳಗೆ ರಾಮದುರ್ಗ, ಮಳೆ ಕಡಿಮೆ, ಮಗ್ಗಗಳ ಊರು. ಒಂದೇ ಜಿಲ್ಲೆಯೊಳಗೆ ಅನ್ನ ಬೇರೆ, ನೀರು ಬೇರೆ, ದುಡಿಮೆ ಬೇರೆ. ರೋಗಗಳೂ ಅದಕ್ಕೆ ತಕ್ಕಂತೆಯೇ ಬರುತ್ತವೆ.

ಈಗ ಹಳ್ಳಿಯೊಳಗೆ ಬನ್ನಿ. ಅಲ್ಲಿ ನಿಮ್ಮ ಮೊದಲ ಗುರು ಆಶಾ ಕಾರ್ಯಕರ್ತೆ. ಸುಮಾರು ಸಾವಿರ ಜನಕ್ಕೆ ಒಬ್ಬರು, ಅದೇ ಊರಿನ ಹೆಣ್ಣುಮಗಳು. ಅವರ ಮೇಲೆ ಉಪಕೇಂದ್ರದ ಸಿಸ್ಟರ್ (ಎಎನ್‌ಎಂ), ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. 30,000 ಜನಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000ಕ್ಕೆ ಸಮುದಾಯ ಆರೋಗ್ಯ ಕೇಂದ್ರ, ಆಮೇಲೆ ತಾಲ್ಲೂಕು ಆಸ್ಪತ್ರೆ. ಈ ಅಂಕಿಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುವಿರಿ. ಆದರೆ ಆಶಾ ಜೊತೆ ಒಂದು ಬೆಳಗ್ಗೆ ತಿರುಗಿದರೆ ಅವು ಮನುಷ್ಯರ ಮುಖಗಳಾಗುತ್ತವೆ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರ ಕೂಸಿಗೆ ಗುರುವಾರದ ಲಸಿಕೆ ತಪ್ಪಿದೆ, ಯಾವ ಅಜ್ಜ ಬಿಪಿ ಗುಳಿಗೆ ಬಿಟ್ಟಿದ್ದಾನೆ, ಎಲ್ಲವೂ ಅವರಿಗೆ ಗೊತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಬಾಣಂತಿಯ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಹೋಗಿ ಕೂಸಿನ ತೂಕ ನೋಡುತ್ತಾರೆ. ಮೈ ಬಿಸಿ ಇದೆಯೇ, ಹಾಲು ಕುಡಿಯುತ್ತಿದೆಯೇ, ಉಸಿರು ಹೇಗಿದೆ ಎಂದು ಪರಿಶೀಲಿಸುತ್ತಾರೆ. ನೀವು ಅವರ ಹಿಂದೆ ನಿಂತು ನೋಡಿ. ಅವರಿಗಿಂತ ಮುಂದೆ ಮನೆಯೊಳಗೆ ಕಾಲಿಡಬೇಡಿ.

ಅವರಿಂದ ಕಲಿಯಬೇಕಾದ ಒಂದು ಸಂಗತಿ ಯಾವ ಪಠ್ಯಪುಸ್ತಕದಲ್ಲೂ ಎದ್ದು ಕಾಣುವುದಿಲ್ಲ. ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ ಮಾಡಿ, ಉಡಿ ತುಂಬಿ ತವರಿಗೆ ಕಳಿಸುತ್ತಾರೆ. ನೀವು ದತ್ತು ತೆಗೆದುಕೊಂಡ ಮನೆ ಬೈಲಹೊಂಗಲದ ಕಡೆಯ ಹಳ್ಳಿಯಲ್ಲಿದೆ ಎಂದುಕೊಳ್ಳಿ. ಎರಡು ಭೇಟಿಯಲ್ಲಿ ಸೊಸೆಯ ಹೆಸರು, ತಾಯಿ ಕಾರ್ಡು, ಹಿಮೋಗ್ಲೋಬಿನ್ ಎಲ್ಲ ಬರೆದುಕೊಂಡಿರಿ. ಮೂರನೆಯ ಸಲ ಹೋದಾಗ ಅವಳು ಸವದತ್ತಿ ತಾಲ್ಲೂಕಿನ ತವರಿನಲ್ಲಿದ್ದಾಳೆ. ಇಲ್ಲಿನ ಸಿಸ್ಟರ್ ಪುಸ್ತಕದಲ್ಲಿ ಅವಳು ‘ಊರಲ್ಲಿಲ್ಲ’, ಅಲ್ಲಿನ ಸಿಸ್ಟರ್ ಪುಸ್ತಕದಲ್ಲಿ ಇನ್ನೂ ಬಂದಿಲ್ಲ. ಎಂಟು, ಒಂಬತ್ತನೆಯ ತಿಂಗಳು, ರಕ್ತದೊತ್ತಡ ಏರುವ ಕಾಲ, ಯಾರ ಕಣ್ಣಿಗೂ ಬೀಳದೆ ಕಳೆದುಹೋಗುವುದು ಹೀಗೆ. ತವರಿಗೆ ಹೋಗುವುದು ತಪ್ಪಲ್ಲ, ಅಲ್ಲಿ ಅವಳಿಗೆ ಅವ್ವನ ಕೈಯ ಆರೈಕೆ ಸಿಗುತ್ತದೆ. ಹೊರಡುವ ಮುನ್ನ ತಾಯಿ ಕಾರ್ಡು ಗಂಟಿನೊಳಗೆ ಬಿತ್ತೇ, ತವರಿನ ಆಶಾಗೆ ಒಂದು ಫೋನ್ ಹೋಯಿತೇ, ಹೆರಿಗೆ ಎಲ್ಲಿ ಎಂದು ಎರಡೂ ಮನೆಯವರು ಕೂಡಿ ಮಾತಾಡಿದರೇ, ಇಷ್ಟನ್ನು ಕೇಳುವುದು ಮೊದಲ ವರ್ಷದ ವಿದ್ಯಾರ್ಥಿಗೂ ಆಗುವ ಕೆಲಸ. ಔಷಧಶಾಸ್ತ್ರ ಓದದೆಯೂ ಒಬ್ಬ ತಾಯಿಗೆ ಆಗುವ ಉಪಕಾರ ಇದು.

ರಕ್ತಹೀನತೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ. ಚಿಕಿತ್ಸೆ ಎಂದು ಕೇಳಿದರೆ ಕಬ್ಬಿಣಾಂಶದ ಮಾತ್ರೆ ಎಂದು ಥಟ್ಟನೆ ಹೇಳುವಿರಿ. ಬಸುರಿನಲ್ಲಿ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ, ಸರ್ಕಾರವೇ ಪುಕ್ಕಟೆ ಕೊಡುತ್ತದೆ. ಹಾಗಿದ್ದರೆ ಆ ಮನೆಯ ಗೂಡಿನಲ್ಲಿ ಪೂರ್ತಿ ತುಂಬಿದ ಸ್ಟ್ರಿಪ್ಪುಗಳು ಏಕೆ ಕೂತಿವೆ? ಸಿಟ್ಟಾಗದೆ, ಬುದ್ಧಿ ಹೇಳದೆ, ಕೂತು ಕೇಳಿ. ‘ಗುಳಿಗಿ ತಗೊಂಡ್ರ ಹೊಟ್ಟಿ ತೊಳಸ್ತೈತ್ರಿ’ ಎನ್ನುತ್ತಾಳೆ ಒಬ್ಬಳು. ಮಲ ಕಪ್ಪಾದದ್ದು ಕಂಡು ಹೆದರಿ ಬಿಟ್ಟವಳು ಇನ್ನೊಬ್ಬಳು. ಕೂಸು ದಪ್ಪಗಾಗಿ ಹೆರಿಗೆ ಕಷ್ಟವಾದೀತು ಎಂದು ಅತ್ತೆ ಬೇಡವೆಂದದ್ದು ಮತ್ತೊಂದು ಮನೆ. ಆಮೇಲೆ ಅಡುಗೆಮನೆಯತ್ತ ಕಣ್ಣು ಹಾಯಿಸಿ. ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಊಟವೇನೋ ಒಳ್ಳೆಯದೇ. ಆದರೆ ಸೊಸೆ ಉಣ್ಣುವುದು ಎಲ್ಲರದೂ ಆದಮೇಲೆ, ಪಲ್ಯ ತಳ ಸೇರಿದ ಹೊತ್ತಿಗೆ. ಉಂಡ ಕೂಡಲೇ ಚಹಾ, ಆ ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆಯನ್ನು ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನಿಂಬೆ ನೀರಿನ ಜೊತೆ ತೆಗೆದುಕೊಳ್ಳಲಿ, ಮಲ ಕಪ್ಪಾಗುವುದರಿಂದ ಅಪಾಯವಿಲ್ಲ, ಚಹಾ ಒಂದು ತಾಸು ತಡವಾಗಲಿ. ಇದನ್ನು ಸೊಸೆಯೊಬ್ಬಳಿಗೇ ಹೇಳಿದರೆ ಕೆಲಸವಾಗದು, ಅತ್ತೆಯೂ ಗಂಡನೂ ಕೂತಿರುವಾಗ ಹೇಳಬೇಕು. ಮುಂದಿನ ಭೇಟಿಯಲ್ಲಿ ಸ್ಟ್ರಿಪ್ಪಿನಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ನೋಡಿ. ನಿಮ್ಮ ಮಾತು ಮನೆಗೆ ಮುಟ್ಟಿತೋ ಇಲ್ಲವೋ ಆಗ ತಿಳಿಯುತ್ತದೆ.

ಹಳ್ಳಿಯಲ್ಲಿ ಕಲಿತದ್ದು ಹಳ್ಳಿಯಲ್ಲೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಬೆಳಗಾವಿ ಜಿಲ್ಲೆಯ ಹಳ್ಳಿಗಳ ಹೆರಿಗೆ ಕೋಣೆಗಳಿಂದ ಹೊರಟ ಒಂದು ಕೆಲಸ ಜಗತ್ತಿನ ವೈದ್ಯಶಾಸ್ತ್ರವನ್ನೇ ಬದಲಿಸಿದೆ. ಇದನ್ನು ಇಲ್ಲಿ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಹೆಮ್ಮೆಯಿಂದ ತಿಳಿದಿರಬೇಕು. ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಫ್ರಿಜ್ ಬೇಕು, ಸೂಜಿ ಬೇಕು, ಚುಚ್ಚಲು ಕಲಿತವರು ಬೇಕು. ಮನೆಯಲ್ಲೇ ಹೆರುವವಳಿಗೆ ಏನು ಗತಿ? ಜೆಎನ್‌ಎಂಸಿಯ ಡಾ. ಶಿವಪ್ರಸಾದ ಗೌಡರ್, ಡಾ. ಬಿ. ಎಸ್. ಕೊಡ್ಕಣಿ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮುಂತಾದವರು 2002ರಿಂದ 2005ರವರೆಗೆ ಈ ಪ್ರಶ್ನೆಯ ಬೆನ್ನು ಹತ್ತಿದರು. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ, 600 ಮೈಕ್ರೋಗ್ರಾಂ, ನುಂಗಿದರೆ ಸಾಕು. ಅದರ ಪ್ರಯೋಗದಲ್ಲಿ 1,620 ತಾಯಂದಿರು ಒಪ್ಪಿ ಭಾಗವಹಿಸಿದರು. ಕೆಲವರಿಗೆ ಈ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ಎಲ್ಲ 25 ಮಂದಿ ಎಎನ್‌ಎಂ ಸಿಸ್ಟರುಗಳು. ಹುಸಿಮಾತ್ರೆ ಪಡೆದವರಲ್ಲಿ ಶೇ. 12ರಷ್ಟು ತಾಯಂದಿರಿಗೆ ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೋದರೆ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಅಧ್ಯಯನದಲ್ಲಿ ನನಗೆ ಮಾತ್ರೆಗಿಂತ ಪ್ರಿಯವಾದದ್ದು ಒಂದು ಪ್ಲಾಸ್ಟಿಕ್ ಹಾಳೆ. ಕೂಸು ಹುಟ್ಟಿದ ಮೇಲೆ ತಾಯಿಯ ಸೊಂಟದ ಕೆಳಗೆ ಅದನ್ನು ಹಾಸಿ, ಪಟ್ಟಿಯನ್ನು ಹೊಟ್ಟೆಗೆ ಕಟ್ಟುತ್ತಾರೆ. ಹಾಳೆಯ ತುದಿ ಲಾಳಿಕೆಯಂತೆ ಇಳಿದು ಒಂದು ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಎಷ್ಟು ಹೋಯಿತು ಎಂದು ಊಹಿಸಬೇಕಿಲ್ಲ, ಗೆರೆ ನೋಡಿ ಓದಬಹುದು. ಇದನ್ನು ರೂಪಿಸಿದ್ದು ಇದೇ ತಂಡ. ಕಣ್ಣಂದಾಜಿನಲ್ಲಿ ಹೇಳಿದ ಲೆಕ್ಕ ಈ ಹಾಳೆ ತೋರಿದ್ದಕ್ಕಿಂತ ಶೇ. 33ರಷ್ಟು ಕಡಿಮೆ ಎಂದು ಅವರು ಆಸ್ಪತ್ರೆಯಲ್ಲೇ ಅಳೆದು ತೋರಿಸಿದರು. ಪಳಗಿದವರ ಕಣ್ಣೂ ಮೂರರಲ್ಲೊಂದು ಪಾಲು ರಕ್ತವನ್ನು ಕಾಣದೆ ಹೋಗುತ್ತದೆ ಎಂದಾಯಿತು. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲ ಹೊರಬಂತು. ಇಂಥದೇ ಅಳತೆಯ ಹಾಳೆ ಹಾಸಿ, ಗೆರೆ ದಾಟಿದ ಕೂಡಲೇ ನಿಗದಿತ ಚಿಕಿತ್ಸೆಗಳನ್ನು ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮ ಶೇ. 60ರಷ್ಟು ತಗ್ಗಿತು. ಅಂದಾಜು ಬಿಟ್ಟು ಅಳತೆ ಹಿಡಿಯುವ ಈ ಅಭ್ಯಾಸವನ್ನು ನೀವು ಅಂಗನವಾಡಿಯಲ್ಲೇ ಶುರುಮಾಡಬಹುದು. ಅಲ್ಲಿ ಮಗುವಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿ ಇರುತ್ತದೆ. ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, 12.5ರವರೆಗೆ ಹಳದಿ, ಮೇಲೆ ಹಸಿರು. ಗುಂಡುಮುಖದ ಮಗುವಿನ ತೋಳು ಹಳದಿಗೆ ಬೀಳುವುದನ್ನು ಒಮ್ಮೆ ನೋಡಿದರೆ ಕಣ್ಣನ್ನು ಮಾತ್ರ ನಂಬುವುದನ್ನು ಬಿಡುವಿರಿ.

ಊರಿನ ಕಸುಬು, ನೀರು, ಜಾತ್ರೆ ಎಲ್ಲವೂ ಪಾಠವೇ. ರಾಮದುರ್ಗದ ಕಡೆ ನೇಕಾರರ ಓಣಿಗೆ ಹೋದರೆ, ಬೆನ್ನುನೋವು ಎಂದವನನ್ನು ಎಷ್ಟು ತಾಸು ಮಗ್ಗದ ಮುಂದೆ ಕೂರುತ್ತೀರಿ ಎಂದು ಕೇಳಿ, ವಿದ್ಯುತ್ ಮಗ್ಗವಾದರೆ ಕಿವಿ ಪರೀಕ್ಷಿಸಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಾಗ ಗುಳಿಗೆ, ಕಾರ್ಡು, ಹೊಲಿಗೆ ಯಂತ್ರ ಎಲ್ಲವೂ ನೀರುಪಾಲಾದ ಮನೆಗಳಿದ್ದವು. ಸಕ್ಕರೆಕಾಯಿಲೆಯವರು ಅಂಥ ವಾರದಲ್ಲಿ ಏನು ಮಾಡಬೇಕು ಎಂಬುದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಹೊಳೆಯುವ ಪ್ರಶ್ನೆಯಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಒಂದು ತಾಸಿನ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬ ಸೂತ್ರಕ್ಕೆ ಅಂಥ ಜಾತ್ರೆಯಲ್ಲಿ ಜೀವ ಬರುತ್ತದೆ. ಎರೆಹೊಲಗಳಲ್ಲಿ ಹಾವು ಕಡಿತ ಅಪರೂಪವಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊರಗಿನಿಂದ ಬಂದು ಗುಡಿಸಲು ಹಾಕುವ ಗ್ಯಾಂಗುಗಳ ಮಕ್ಕಳು ಯಾವ ಊರಿನ ರಿಜಿಸ್ಟರಿನಲ್ಲೂ ಇರುವುದಿಲ್ಲ. ಲಸಿಕೆಯ ದಿನ ಆ ಗುಡಿಸಲುಗಳತ್ತ ನಡೆಯಿರಿ.

ನಡತೆಯ ಬಗ್ಗೆ ಎರಡು ಮಾತು, ಇವುಗಳಲ್ಲಿ ನಾನು ಕಟ್ಟುನಿಟ್ಟು. ಒಪ್ಪಿಗೆ ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಒಂದು ಮನೆಯ ಮಾತು ಮುಂದಿನ ಮನೆಗೆ ಹೋಗಕೂಡದು, ಹಾಸ್ಟೆಲಿನ ವಾಟ್ಸ್ಆ್ಯಪ್ ಗುಂಪಿಗಂತೂ ಹೋಗಲೇಕೂಡದು. ಸವದತ್ತಿಯ ಕಡೆ ಹಿಂದೆ ದೇವದಾಸಿಯಾಗಿ ಬಿಡಲ್ಪಟ್ಟ ವಯಸ್ಸಾದ ತಾಯಂದಿರ ಮನೆಗಳು ಸಿಗುತ್ತವೆ. 1982ರಲ್ಲೇ ಕರ್ನಾಟಕ ಆ ಪದ್ಧತಿಯನ್ನು ಕಾಯ್ದೆಯಿಂದ ನಿಷೇಧಿಸಿದೆ. ಅವರ ಬದುಕು ನಿಮ್ಮ ಕುತೂಹಲದ ವಸ್ತುವಲ್ಲ. ಮಂಡಿನೋವು, ಮಸುಕಾದ ಕಣ್ಣು, ಸಿಗದ ಪಿಂಚಣಿ, ಅವರು ಏನು ಹೇಳಲು ಬಯಸುತ್ತಾರೋ ಅದನ್ನು ಕೇಳಿಕೊಳ್ಳಿ. ಮನೆಯವರು ‘ಡಾಕ್ಟರೇ’ ಎಂದಾಗ, ನಾವಿನ್ನೂ ಕಲಿಯುವವರು ಎಂದು ಹೇಳಿ. ಗುಳಿಗೆ ಕೊಡಬೇಡಿ, ಆಗದ್ದನ್ನು ಆಗುತ್ತದೆ ಎನ್ನಬೇಡಿ. ಹೊರರಾಜ್ಯದಿಂದ ಬಂದವರಿಗೆ ಆರಂಭದ ಫೌಂಡೇಶನ್ ಕೋರ್ಸಿನಲ್ಲೇ ಕನ್ನಡ ಕಲಿಸುತ್ತಾರೆ, ಆ ತರಗತಿ ತಪ್ಪಿಸಬೇಡಿ. ಗೆಳೆಯನ ಬಾಯಿಂದ ಅನುವಾದ ಮಾಡಿಸಿಕೊಂಡು ಹೆಣ್ಣುಮಗಳೊಬ್ಬಳ ಮುಟ್ಟಿನ ತೊಂದರೆ ಕೇಳಲು ಬರುವುದಿಲ್ಲ.

ಲಾಗ್‌ಬುಕ್ಕಿನ ಬಗ್ಗೆ ನನ್ನ ತಕರಾರು ಇಷ್ಟು: ಚೌಕಗಳನ್ನು ತುಂಬಿದರೆ ಅಂಕ ಬರುತ್ತದೆ, ಆದ್ದರಿಂದ ಚೌಕಗಳೇ ಗುರಿಯಾಗುತ್ತವೆ. ಶೌಚಾಲಯ ಇದೆ ಎಂಬಲ್ಲಿ ಗುರುತು ಹಾಕುವ ಮುನ್ನ, ಅದರಲ್ಲಿ ಜೋಳದ ಚೀಲ ಇಟ್ಟಿದ್ದಾರೆಯೇ, ನೀರು ಎಷ್ಟು ದೂರದಿಂದ ತರಬೇಕು ಎಂದು ನೋಡಿ ಬನ್ನಿ. ಮೇಷ್ಟರಾದ ನಮಗೂ ಇಲ್ಲಿ ಹೊಣೆಯಿದೆ. ಚೌಕಗಳನ್ನು ಮಾತ್ರ ತಿದ್ದಿ ಸಹಿ ಮಾಡುವ ಅಧ್ಯಾಪಕರಿದ್ದರೆ ಮಕ್ಕಳು ಬಸ್ಸಿನಲ್ಲೇ ಕೂತು ತುಂಬಿಬಿಡುತ್ತಾರೆ. ಮೇಷ್ಟರೂ ಆ ಮನೆಯ ಕಟ್ಟೆಯ ಮೇಲೆ ಕೂರಬೇಕು.

ಇಂಟರ್ನ್‌ಶಿಪ್ಪಿನ 12 ವಾರಗಳಲ್ಲಿ ಇದೆಲ್ಲ ಕೂಡಿಬರುತ್ತದೆ. ರಾತ್ರಿ ಆರೋಗ್ಯ ಕೇಂದ್ರಕ್ಕೆ ಬಂದ ಬಸುರಿಯ ಬಿಪಿ ಏರಿದೆ, ಕಣ್ಣು ಮಂಜಾಗಿದೆ ಎಂದರೆ ಸಿಸ್ಟರ್ ಜೊತೆ ನಿಂತು ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸು ಕೊಡಿಸುವುದು, 108ಕ್ಕೆ ಕರೆ ಮಾಡುವುದು, ಗಾಡಿ ಬರುವ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಹೆರಿಗೆ ತಜ್ಞರು ಇದ್ದಾರೋ ಎಂದು ವಿಚಾರಿಸುವುದು, ಇಲ್ಲದಿದ್ದರೆ ನೇರ ಧಾರವಾಡವೋ ಬೆಳಗಾವಿಯೋ ಎಂದು ತೀರ್ಮಾನಿಸುವುದು. ಚೀಟಿಯಲ್ಲಿ ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಎಂದು ಬಿಡಿಸಿ ಬರೆಯಿರಿ. ದೊಡ್ಡಾಸ್ಪತ್ರೆಯಲ್ಲಿ ಆ ಚೀಟಿ ಕೈಗೆತ್ತಿಕೊಳ್ಳುವ ಮೊದಲಿಗ ನಿಮ್ಮದೇ ಬ್ಯಾಚಿನ ಇನ್ನೊಬ್ಬ ಇಂಟರ್ನ್ ಆಗಿರಬಹುದು.

ಮೂರು ವರ್ಷ ಮುಗಿದು ನಿಮ್ಮ ಕುಟುಂಬಗಳನ್ನು ಕಿರಿಯರಿಗೆ ಒಪ್ಪಿಸುವಾಗ, ಲಾಗ್‌ಬುಕ್ಕಿನ ಜೊತೆ ಮನೆಗೊಂದು ಪುಟ ಬರೆದು ಕೊಡಿ. ಯಾರ ಬಿಪಿ ಎಷ್ಟಿತ್ತು, ಈಗ ಎಷ್ಟು. ಯಾವ ಲಸಿಕೆ ಬಾಕಿ, ಯಾವ ತಾರೀಖಿಗೆ. ಆಶಾ ಫೋನ್ ನಂಬರು. ಹೊಲಕ್ಕೆ ಹೋಗುವವರು ಮನೆಯಲ್ಲಿ ಸಿಗುವ ಹೊತ್ತು. ನೀವು ಮಾಡುತ್ತೇವೆ ಎಂದು ಹೇಳಿ ಇನ್ನೂ ಆಗದ ಕೆಲಸ ಯಾವುದು. ಕೊನೆಯ ಭೇಟಿಗೆ ಕಿರಿಯರನ್ನು ಕರೆದುಕೊಂಡು ಹೋಗಿ ಮನೆಯವರಿಗೆ ಹೆಸರು ಹೇಳಿ ಪರಿಚಯಿಸಿ, ಆ ಪುಟವನ್ನು ಅಲ್ಲೇ ಎಲ್ಲರಿಗೂ ಕೇಳುವಂತೆ ಓದಿ, ತಪ್ಪಿದ್ದರೆ ಮನೆಯವರೇ ತಿದ್ದಲಿ.